ದುಬೈಯ ಬ್ರಿಟಿಷ್ ಪಠ್ಯಕ್ರಮದ ಶಾಲೆಯಿಂದ ಕೆಲಸದ ಪ್ರಸ್ತಾಪ ಬಂದಿದೆ: ಸಹಿ ಹಾಕುವ ಮೊದಲು ಏನನ್ನು ತಿಳಿದಿರಬೇಕು?

ಪ್ರಶ್ನೆ: ಭೌತಶಾಸ್ತ್ರ ಶಿಕ್ಷಕಿ, ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನ ಖಾಸಗಿ ಐಸಿಎಸ್‌ಇ ಶಾಲೆಯೊಂದರಲ್ಲಿ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಎಂಟು, ಒಂಬತ್ತು ಮತ್ತು ಹತ್ತನೆಯ ತರಗತಿಗಳಿಗೆ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಎಂ.ಎಸ್ಸಿ. ಮತ್ತು ಬಿ.ಎಡ್. ಎರಡನ್ನೂ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕಾಲೇಜಿಗೆ ಹೋಗಿಯೇ ಓದಿದ್ದೇನೆ, ದೂರಶಿಕ್ಷಣದಲ್ಲಲ್ಲ. ಕಳೆದ ತಿಂಗಳು ಎರಡು ಸುತ್ತಿನ ಆನ್‌ಲೈನ್ ಸಂದರ್ಶನದ ನಂತರ ದುಬೈಯ ಬ್ರಿಟಿಷ್ ಪಠ್ಯಕ್ರಮದ ಶಾಲೆಯೊಂದು ಎರಡು ವರ್ಷಗಳ ಕೆಲಸಕ್ಕೆ ಪ್ರಸ್ತಾಪ ಪತ್ರ ಕಳುಹಿಸಿದೆ. ತಿಂಗಳಿಗೆ ಒಟ್ಟು 9,500 ದಿರ್ಹಮ್ ಎಂದು ಬರೆದಿದ್ದಾರೆ; ಆಗಸ್ಟ್ ಮಧ್ಯಭಾಗದಲ್ಲಿ ಹಾಜರಾಗಬೇಕು. ನನ್ನ ಪತಿ ಇಲ್ಲಿಯೇ ಖಾಸಗಿ ಉದ್ಯೋಗದಲ್ಲಿದ್ದಾರೆ, ಮಗಳು ನಾಲ್ಕನೆಯ ತರಗತಿಯಲ್ಲಿದ್ದಾಳೆ.

ಪರಿಚಯದವರನ್ನು ಕೇಳಿದರೆ "ತೆರಿಗೆ ಇಲ್ಲ, ಹೋಗಿಬಿಡಿ" ಎನ್ನುವವರು ಕೆಲವರು, "ಅಲ್ಲಿ ಯಾವಾಗ ಬೇಕಾದರೂ ತೆಗೆದುಹಾಕುತ್ತಾರೆ" ಎನ್ನುವವರು ಕೆಲವರು. ಎರಡರಿಂದಲೂ ನನಗೆ ನಿರ್ಧಾರ ಮಾಡಲು ಆಗುತ್ತಿಲ್ಲ. ಒಪ್ಪಂದದಲ್ಲಿ ಏನನ್ನು ಗಮನಿಸಬೇಕು, ಶಾಲೆ ಎಂಥದ್ದೆಂದು ದೂರದಿಂದಲೇ ತಿಳಿಯುವುದು ಹೇಗೆ, ನಾನು ಇಲ್ಲಿ ಕಲಿಸುವ ರೀತಿ ಅಲ್ಲಿ ನಡೆಯುತ್ತದೆಯೇ ಎಂಬುದನ್ನು ಅಲ್ಲಿ ಕೆಲಸ ಮಾಡಿದವರಿಂದಲೇ ಕೇಳಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಉತ್ತರ: ಗಣಿತ ಶಿಕ್ಷಕ, ದುಬೈ (ಊರು ಉಡುಪಿ)

ಮೇಡಂ, ನಮಸ್ಕಾರ. ಮೊದಲು ಸಂಬಳದ ವಿಷಯವನ್ನೇ ಎತ್ತಿಕೊಳ್ಳುತ್ತೇನೆ, ಏಕೆಂದರೆ ನಮ್ಮ ಕಡೆಯಿಂದ ಬರುವ ಹೆಚ್ಚಿನ ಶಿಕ್ಷಕರು ತಿಂಗಳ ಒಟ್ಟು ಮೊತ್ತವನ್ನು ರೂಪಾಯಿಗೆ ಬದಲಾಯಿಸಿ ನೋಡಿ ಅಲ್ಲಿಗೆ ನಿಲ್ಲಿಸಿಬಿಡುತ್ತಾರೆ. ನಿಮ್ಮ ಪತ್ರದಲ್ಲಿರುವ 9,500 ದಿರ್ಹಮ್‌ನಲ್ಲಿ ಮೂಲ ವೇತನ ಎಷ್ಟು, ಮನೆ ಬಾಡಿಗೆಯ ಭತ್ಯೆ ಎಷ್ಟು, ಪ್ರಯಾಣ ಭತ್ಯೆ ಎಷ್ಟು ಎಂಬುದನ್ನು ಬಿಡಿಸಿ ಬರೆದಿದ್ದಾರೆಯೇ ನೋಡಿ. ಬರೆದಿಲ್ಲವಾದರೆ ಬರೆಸಿಕೊಳ್ಳಿ. ಸಂಯುಕ್ತ ಅರಬ್ ಸಂಸ್ಥಾನದ ಕಾರ್ಮಿಕ ಕಾನೂನಿನ ಪ್ರಕಾರ ಕೆಲಸ ಬಿಡುವಾಗ ಸಿಗುವ ಗ್ರಾಚ್ಯುಟಿಯನ್ನು ಮೂಲ ವೇತನದ ಮೇಲೆ ಮಾತ್ರ ಲೆಕ್ಕ ಹಾಕುತ್ತಾರೆ: ಒಂದು ವರ್ಷ ಪೂರ್ಣಗೊಳಿಸಿದವರಿಗೆ ಮೊದಲ ಐದು ವರ್ಷಗಳ ತನಕ ವರ್ಷಕ್ಕೆ 21 ದಿನಗಳ ಮೂಲ ವೇತನ, ಅದರ ನಂತರದ ಪ್ರತಿ ವರ್ಷಕ್ಕೆ 30 ದಿನಗಳದ್ದು. ಮೂಲ ವೇತನ 4,000 ದಿರ್ಹಮ್ ಇದ್ದರೆ ಎರಡು ವರ್ಷಕ್ಕೆ 5,600 ದಿರ್ಹಮ್ ಕೈಗೆ ಬರುತ್ತದೆ; 6,000 ಇದ್ದರೆ 8,400. ಐದು ವರ್ಷ ಉಳಿದರೆ ಅದು 14,000 ಮತ್ತು 21,000 ಆಗುತ್ತದೆ. ತಿಂಗಳ ಒಟ್ಟು ಮೊತ್ತ ಒಂದೇ ಇದ್ದರೂ ಮೂಲ ವೇತನವನ್ನು ಕಡಿಮೆ ತೋರಿಸಿದ ಶಾಲೆಯಲ್ಲಿ ಶಿಕ್ಷಕರು ಇಷ್ಟು ಹಣ ಕಳೆದುಕೊಳ್ಳುತ್ತಾರೆ, ಅದೂ ಹೊರಡುವ ದಿನದವರೆಗೆ ಗೊತ್ತಾಗದಂತೆ.

ಇಲ್ಲಿ ಈಗ ಜಾರಿಯಲ್ಲಿರುವುದು 2021ರ 33ನೆಯ ಸಂಖ್ಯೆಯ ಒಕ್ಕೂಟ ಕಾನೂನು. 2022ರ ಫೆಬ್ರವರಿ 2ರಿಂದ ಜಾರಿಗೆ ಬಂದಿದೆ. ಅದನ್ನು ಒಮ್ಮೆ ಪೂರ್ತಿ ಓದಿಕೊಳ್ಳಿ, ಅಷ್ಟೇನೂ ದೊಡ್ಡದಲ್ಲ. "ಯಾವಾಗ ಬೇಕಾದರೂ ತೆಗೆದುಹಾಕುತ್ತಾರೆ" ಎಂಬ ಮಾತಿಗೆ ಉತ್ತರ ಅದರಲ್ಲಿಯೇ ಇದೆ. ಪರೀಕ್ಷಾರ್ಥ ಅವಧಿ ಆರು ತಿಂಗಳನ್ನು ಮೀರುವಂತಿಲ್ಲ. ಆ ಅವಧಿಯಲ್ಲಿ ತೆಗೆಯಬೇಕಾದರೂ ಶಾಲೆ 14 ದಿನ ಮೊದಲು ಲಿಖಿತ ನೋಟಿಸ್ ಕೊಡಬೇಕು. ನೀವು ಆ ಅವಧಿಯಲ್ಲಿ ಬಿಟ್ಟು ಊರಿಗೆ ಹೊರಟರೆ ನೀವೂ 14 ದಿನಗಳ ನೋಟಿಸ್ ಕೊಡಬೇಕು, ಈ ದೇಶದಲ್ಲಿಯೇ ಬೇರೆ ಶಾಲೆಗೆ ಸೇರುವುದಾದರೆ ಒಂದು ತಿಂಗಳದ್ದು. ಅವಧಿ ಮುಗಿದ ನಂತರ ನೋಟಿಸ್ ಕಾಲ 30ರಿಂದ 90 ದಿನಗಳ ನಡುವೆ ಒಪ್ಪಂದದಲ್ಲಿ ಬರೆದಷ್ಟು ಇರುತ್ತದೆ. ಆದ್ದರಿಂದ ಮೊದಲ ಆರು ತಿಂಗಳು ನಿಮ್ಮ ನೆಲೆ ಗಟ್ಟಿಯಾಗಿಲ್ಲ ಎಂದು ತಿಳಿದೇ ಬನ್ನಿ: ಆ ಅವಧಿಯಲ್ಲಿ ಸಾಲ ಮಾಡಿ ಕಾರು ಕೊಳ್ಳುವುದು, ಇಡೀ ವರ್ಷದ ಬಾಡಿಗೆ ಕಟ್ಟುವುದು ಮುಂತಾದವನ್ನು ಮುಂದೂಡಬಹುದಾದರೆ ಮುಂದೂಡಿ. ನಂತರದ ಭದ್ರತೆ ಜನ ಹೇಳುವಷ್ಟು ದುರ್ಬಲವಲ್ಲ.

ವೀಸಾ ಶುಲ್ಕ, ನೇಮಕಾತಿ ಶುಲ್ಕ ಎಂದು ಯಾರಾದರೂ ಹಣ ಕೇಳಿದರೆ ಅಲ್ಲಿಗೇ ನಿಲ್ಲಿಸಿ. ನೇಮಕಾತಿಯ ವೆಚ್ಚವನ್ನು ಉದ್ಯೋಗಿಯಿಂದ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ವಸೂಲಿ ಮಾಡುವಂತಿಲ್ಲ ಎಂದು ಅದೇ ಕಾನೂನು ಹೇಳುತ್ತದೆ. ನಮ್ಮ ದೇಶದ ಏಜೆಂಟರ ಮೂಲಕ ಬರುವವರು ಅವರ ನೋಂದಣಿಯನ್ನು ವಿದೇಶಾಂಗ ಸಚಿವಾಲಯದ ಇ-ಮೈಗ್ರೇಟ್ ಜಾಲತಾಣದಲ್ಲಿ ಹುಡುಕಿ ನೋಡಬೇಕು; ನೋಂದಾಯಿತ ಏಜೆಂಟರೂ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಗಿಂತ ಹೆಚ್ಚು ಸೇವಾ ಶುಲ್ಕ ಪಡೆಯುವಂತಿಲ್ಲ. "ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಬನ್ನಿ, ಇಲ್ಲಿ ಬದಲಾಯಿಸೋಣ" ಎಂದು ಶಾಲೆಯೇ ಹೇಳಿದರೂ ಒಪ್ಪಬೇಡಿ. ಕೆಲಸದ ಪರವಾನಗಿ ಇಲ್ಲದೆ ತರಗತಿಯಲ್ಲಿ ನಿಂತರೆ ಕಾನೂನು ಮುರಿದಂತಾಗುತ್ತದೆ, ಮತ್ತು ಸಂಬಳ ನಿಂತುಹೋದರೆ ದೂರು ಕೊಡುವ ನೆಲೆಯೂ ನಿಮಗಿರುವುದಿಲ್ಲ.

ಇನ್ನು ಶಾಲೆ ಎಂಥದ್ದೆಂದು ತಿಳಿಯುವ ಬಗೆ. ದುಬೈಯ ಖಾಸಗಿ ಶಾಲೆಗಳೆಲ್ಲ ಕೆಎಚ್‌ಡಿಎ ಎಂಬ ಪ್ರಾಧಿಕಾರದ ಕೆಳಗೆ ಬರುತ್ತವೆ (ಅಬುಧಾಬಿಗೆ ಅಡೆಕ್ ಬೇರೆ, ಶಾರ್ಜಾಕ್ಕೆ ಬೇರೆ ಪ್ರಾಧಿಕಾರವಿದೆ). 2008ರಿಂದ ನಡೆದ ಶಾಲಾ ತಪಾಸಣೆಗಳ ವರದಿಗಳು ಆ ಪ್ರಾಧಿಕಾರದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತವೆ. ಪಾಲಕರು ಅದರಲ್ಲಿ ಶಾಲೆಗೆ ಕೊಟ್ಟ ದರ್ಜೆಯನ್ನಷ್ಟೇ ನೋಡುತ್ತಾರೆ. ಶಿಕ್ಷಕರಾದ ನಾವು ನೋಡಬೇಕಾದದ್ದು ಮೊದಲ ಪುಟಗಳಲ್ಲಿರುವ ಚಿಕ್ಕ ಪಟ್ಟಿಯನ್ನು. ಶಿಕ್ಷಕರ ಸಂಖ್ಯೆ, ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು, ಹೆಚ್ಚಿನ ಶಿಕ್ಷಕರು ಯಾವ ದೇಶದವರು ಎಂಬುದರ ಜೊತೆಗೆ, ಆ ವರ್ಷ ನೂರಕ್ಕೆ ಎಷ್ಟು ಮಂದಿ ಶಿಕ್ಷಕರು ಬಿಟ್ಟುಹೋದರು ಎಂಬುದನ್ನೂ ಅಲ್ಲಿ ಕೊಟ್ಟಿರುತ್ತಾರೆ. ಎರಡು ಮೂರು ವರ್ಷಗಳ ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಆ ಒಂದು ಅಂಕಿಯನ್ನು ಓದಿ. ಪ್ರತಿ ವರ್ಷ ಮೂರರಲ್ಲಿ ಒಂದು ಭಾಗದಷ್ಟು ಶಿಕ್ಷಕರು ಹೊರಟುಹೋಗುತ್ತಿರುವ ಶಾಲೆ ತನ್ನ ಬಗ್ಗೆ ಏನೇ ಹೇಳಿಕೊಂಡರೂ ನಾನು ನಂಬುವುದಿಲ್ಲ. 2024–25ರಲ್ಲಿ ಹೊಸ ಶಾಲೆಗಳನ್ನು ಬಿಟ್ಟರೆ ಪೂರ್ಣ ತಪಾಸಣೆ ನಡೆದಿಲ್ಲವಾದ್ದರಿಂದ ವರದಿ ಯಾವ ವರ್ಷದ್ದು ಎಂಬುದನ್ನೂ ಗಮನಿಸಿ.

ಸಂದರ್ಶನ ಮುಗಿದಿದೆ ಎಂದ ಮಾತ್ರಕ್ಕೆ ಪ್ರಶ್ನೆ ಕೇಳುವ ಅವಕಾಶ ಮುಗಿದಿಲ್ಲ. ವಾರಕ್ಕೆ ಎಷ್ಟು ಪಿರಿಯಡ್, ಬದಲಿ ಪಿರಿಯಡ್‌ಗಳಿಗೆ ಮಿತಿ ಇದೆಯೇ, ಜುಲೈ ಮತ್ತು ಆಗಸ್ಟ್ ತಿಂಗಳ ಸಂಬಳ ಕೊಡುತ್ತಾರೆಯೇ, ವರ್ಷದ ಕೊನೆಯಲ್ಲಿ ಬಿಟ್ಟುಹೋಗುವವರಿಗೂ ಅದು ಸಿಗುತ್ತದೆಯೇ, ಊರಿಗೆ ಹೋಗಿಬರುವ ವಿಮಾನದ ಟಿಕೆಟ್ ನಿಮಗೆ ಮಾತ್ರವೇ ಅಥವಾ ಮನೆಯವರಿಗೂ ಇದೆಯೇ, ಇವೆಲ್ಲವನ್ನೂ ಇಮೇಲ್‌ನಲ್ಲಿ ಕೇಳಿ ಇಮೇಲ್‌ನಲ್ಲಿಯೇ ಉತ್ತರ ಪಡೆಯಿರಿ. ಈಗ ಅಲ್ಲಿ ವಿಜ್ಞಾನ ಕಲಿಸುತ್ತಿರುವ ಒಬ್ಬ ಶಿಕ್ಷಕರೊಂದಿಗೆ ಮಾತನಾಡಲು ಅವಕಾಶ ಕೊಡಿ ಎಂದು ವಿನಯದಿಂದ ಕೇಳಿ. ಒಳ್ಳೆಯ ಶಾಲೆ ಇದಕ್ಕೆ ಬೇಸರ ಪಡುವುದಿಲ್ಲ.

ಉತ್ತರ: ರಸಾಯನಶಾಸ್ತ್ರ ಶಿಕ್ಷಕಿ, ಶಾರ್ಜಾ (ಊರು ಹಾಸನ)

ಮೇಲೆ ಸರ್ ಬರೆದದ್ದಕ್ಕೆ ನಾನು ಸೇರಿಸುವುದು ಹೆಚ್ಚೇನಿಲ್ಲ. ನಿಮ್ಮ ಮೂರನೆಯ ಪ್ರಶ್ನೆ, ಅಂದರೆ ಇಲ್ಲಿ ಕಲಿಸುವ ರೀತಿ ಅಲ್ಲಿ ನಡೆಯುತ್ತದೆಯೇ ಎಂಬುದು, ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. ನಾನು ಬೆಂಗಳೂರಿನಲ್ಲಿ ರಾಜ್ಯ ಪಠ್ಯಕ್ರಮ ಕಲಿಸಿ, ಆಮೇಲೆ ಅಲ್ಲಿಯೇ ಐಜಿಸಿಎಸ್‌ಇ (ಬ್ರಿಟಿಷ್ ಪಠ್ಯಕ್ರಮದಲ್ಲಿ ನಮ್ಮ ಹತ್ತನೆಯ ತರಗತಿಯ ಮಟ್ಟದ ಪರೀಕ್ಷೆ) ಕಲಿಸಿ, ನಂತರ ಇಲ್ಲಿಗೆ ಬಂದವಳು. ವಿಷಯಜ್ಞಾನದಲ್ಲಿ ನಿಮಗೆ ಕೊರತೆಯಾಗುವುದಿಲ್ಲ. ಐಸಿಎಸ್‌ಇ ಹತ್ತನೆಯ ತರಗತಿಯ ಭೌತಶಾಸ್ತ್ರದ ಲೆಕ್ಕಗಳು ಕೆಲವೆಡೆ ಐಜಿಸಿಎಸ್‌ಇಗಿಂತ ಕಠಿಣವೇ ಇವೆ. ಬದಲಾಗುವುದು ಉತ್ತರಕ್ಕೆ ಅಂಕ ಬರುವ ರೀತಿ.

ಮೊದಲು ತರಗತಿಗಳ ಲೆಕ್ಕ: ಅಲ್ಲಿನ "ಇಯರ್ 10" ಎಂದರೆ ವಯಸ್ಸಿನಲ್ಲಿ ನಮ್ಮ ಒಂಬತ್ತನೆಯ ತರಗತಿ, "ಇಯರ್ 11" ಎಂದರೆ ಹತ್ತನೆಯದು. ಇಯರ್ 7ರಿಂದ 9ರವರೆಗೆ ವಿಜ್ಞಾನವನ್ನು ಹೆಚ್ಚಾಗಿ ಒಂದೇ ವಿಷಯವಾಗಿ ಕಲಿಸುವುದರಿಂದ ನಿಮಗೆ ಜೀವಶಾಸ್ತ್ರವನ್ನೂ ರಸಾಯನಶಾಸ್ತ್ರವನ್ನೂ ಒಪ್ಪಿಸುವ ಸಾಧ್ಯತೆ ಇದೆ. ಇದನ್ನು ಈಗಲೇ ಕೇಳಿ ತಿಳಿದುಕೊಳ್ಳಿ.

ಶಾಲೆ ಯಾವ ಪರೀಕ್ಷಾ ಮಂಡಳಿಯನ್ನು ಅನುಸರಿಸುತ್ತದೆ ಎಂಬುದನ್ನೂ ಕೇಳಿ. ಕೇಂಬ್ರಿಜ್ ಆಗಿದ್ದರೆ ಐಜಿಸಿಎಸ್‌ಇ ಭೌತಶಾಸ್ತ್ರದ ಸಂಕೇತ ಸಂಖ್ಯೆ 0625. ಪ್ರತಿ ವಿದ್ಯಾರ್ಥಿಯೂ ಮೂರು ಪತ್ರಿಕೆಗಳನ್ನು ಬರೆಯುತ್ತಾನೆ: ಬಹು ಆಯ್ಕೆಯದಕ್ಕೆ ಶೇಕಡಾ 30, ವಿವರಣೆಯದಕ್ಕೆ ಶೇಕಡಾ 50, ಪ್ರಯೋಗಕ್ಕೆ ಅಥವಾ ಪ್ರಯೋಗಕ್ಕೆ ಬದಲಾಗಿ ಬರೆಯುವ ಪತ್ರಿಕೆಗೆ ಶೇಕಡಾ 20. "ಕೋರ್" ಮತ್ತು "ಎಕ್ಸ್‌ಟೆಂಡೆಡ್" ಎಂಬ ಎರಡು ಹಂತಗಳಿವೆ. ಕೋರ್ ಬರೆದವರಿಗೆ ಸಿಗಬಹುದಾದ ಗರಿಷ್ಠ ಗ್ರೇಡ್ ಸಿ. ಯಾವ ವಿದ್ಯಾರ್ಥಿಯನ್ನು ಯಾವ ಹಂತಕ್ಕೆ ಸೇರಿಸಬೇಕು ಎಂಬ ನಿರ್ಧಾರದಲ್ಲಿ ನಿಮ್ಮ ಮಾತಿಗೆ ತೂಕವಿರುತ್ತದೆ, ಪಾಲಕರಿಗೆ ಅದನ್ನು ವಿವರಿಸುವ ಹೊಣೆಯೂ ನಿಮ್ಮದೇ.

ಪ್ರಶ್ನೆಯಲ್ಲಿ ಬರುವ ಕ್ರಿಯಾಪದಕ್ಕೆ ತಕ್ಕಂತೆ ಉತ್ತರ ಬದಲಾಗಬೇಕು. ಎತ್ತರದಿಂದ ಬೀಳುತ್ತಿರುವ ವಸ್ತುವಿನ ಚಲನೆಯನ್ನು ವರ್ಣಿಸಿ ಎಂದರೆ, ಮೊದಲು ವೇಗ ಹೆಚ್ಚುತ್ತದೆ, ವೇಗ ಹೆಚ್ಚುವ ದರ ಕುಗ್ಗುತ್ತದೆ, ಕೊನೆಗೆ ವೇಗ ಸ್ಥಿರವಾಗುತ್ತದೆ ಎಂದರೆ ಸಾಕು. ಅದೇ ಚಲನೆಯನ್ನು ವಿವರಿಸಿ ಎಂದು ಕೇಳಿದರೆ, ವೇಗದೊಂದಿಗೆ ಗಾಳಿಯ ಪ್ರತಿರೋಧ ಹೆಚ್ಚುತ್ತದೆ, ಅದು ತೂಕಕ್ಕೆ ಸಮನಾಗುತ್ತದೆ, ಫಲಿತ ಬಲ ಶೂನ್ಯವಾಗುತ್ತದೆ, ಆದ್ದರಿಂದ ವೇಗ ಬದಲಾಗುವುದಿಲ್ಲ ಎಂಬ ಒಂದೊಂದು ಹೆಜ್ಜೆಗೂ ಅಂಕವಿರುತ್ತದೆ. ನಮ್ಮಲ್ಲಿ ಚೆನ್ನಾಗಿ ಬಾಯಿಪಾಠವಾದ ವ್ಯಾಖ್ಯೆ ಮಗುವನ್ನು ಬಹುದೂರ ಒಯ್ಯುತ್ತದೆ. ಅಲ್ಲಿ ಕಾಣದ ಸಂದರ್ಭವೊಂದನ್ನು ಕೊಟ್ಟು ಅದಕ್ಕೆ ತತ್ವವನ್ನು ಅನ್ವಯಿಸುವಂತೆ ಕೇಳುತ್ತಾರೆ. ಹೊರಡುವ ಮೊದಲು ಕಳೆದ ಕೆಲವು ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ನೀವೇ ಸಮಯ ಹಾಕಿಕೊಂಡು ಬರೆದು, ಅಂಕ ನೀಡುವ ಸೂಚಿಯೊಂದಿಗೆ ಹೋಲಿಸಿ, ಪರೀಕ್ಷಕರ ವರದಿಗಳನ್ನು ಓದಿ. ಯಾವ ತರಬೇತಿ ಕೋರ್ಸಿಗಿಂತಲೂ ಇದರಿಂದ ಹೆಚ್ಚು ಉಪಯೋಗವಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ತರಗತಿಯಲ್ಲಿ ಇಪ್ಪತ್ತೈದು ಮಕ್ಕಳಿದ್ದರೆ ಹತ್ತು ದೇಶಗಳವರಿರಬಹುದು, ಅವರಲ್ಲಿ ಹಲವರಿಗೆ ಇಂಗ್ಲಿಷ್ ಎರಡನೆಯ ಅಥವಾ ಮೂರನೆಯ ಭಾಷೆ. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳು ಅದೇ ತರಗತಿಯಲ್ಲಿ ಕುಳಿತಿರುತ್ತಾರೆ. ಅವರಿಗೆ ಯಾವ ಬದಲಾವಣೆ ಮಾಡಿದ್ದೀರಿ ಎಂಬುದು ನಿಮ್ಮ ಪಾಠಯೋಜನೆಯಲ್ಲಿ ಕಾಣಬೇಕು. ನಿಮ್ಮ ಪಾಠವನ್ನು ನೋಡಲು ಮುಖ್ಯಸ್ಥರು ಹೇಳದೆಯೇ ಬಂದು ಕುಳಿತುಕೊಳ್ಳುವುದು ಸಾಮಾನ್ಯ, ಅದನ್ನು ಅವಮಾನವೆಂದು ಭಾವಿಸಬಾರದು.

ಮಕ್ಕಳ ಸುರಕ್ಷತೆಯ ನಿಯಮಗಳಲ್ಲಿ ಸಡಿಲಿಕೆ ಎಂಬುದಿಲ್ಲ. ಗದರಿಸಿ ಕಿವಿ ಹಿಂಡುವುದು ಹಾಗಿರಲಿ, ಸಮಾಧಾನ ಮಾಡಲು ಭುಜದ ಮೇಲೆ ಕೈ ಇಡುವುದಕ್ಕೂ ಶಾಲೆಯ ನಿಯಮವೇನೆಂದು ಮೊದಲು ತಿಳಿಯಬೇಕು. ಮಗುವಿನೊಂದಿಗೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ವಾಟ್ಸ್ಆ್ಯಪ್‌ನಲ್ಲಿ ನೇರವಾಗಿ ಸಂದೇಶ ಕಳುಹಿಸಬಾರದು, ತರಗತಿಯ ಫೋಟೊವನ್ನು ನಿಮ್ಮ ಸ್ವಂತ ಖಾತೆಯಲ್ಲಿ ಹಾಕಲೇಬಾರದು. ಒಪ್ಪಿಗೆಯಿಲ್ಲದೆ ಇನ್ನೊಬ್ಬರ ಫೋಟೊ ಪ್ರಕಟಿಸುವುದು ಇಲ್ಲಿನ ಸೈಬರ್ ಕಾನೂನಿನಲ್ಲಿ ಅಪರಾಧ. ಮನೆಪಾಠದ ಬಗ್ಗೆಯೂ ಒಂದು ಮಾತು: 2023ರ ಡಿಸೆಂಬರಿನಿಂದ ಖಾಸಗಿ ಟ್ಯೂಷನ್‌ಗೆ ಸರ್ಕಾರವೇ ಪರವಾನಗಿ ಕೊಡುತ್ತಿದೆ. ಪರವಾನಗಿ ಇಲ್ಲದೆ ಮಾಡುವಂತಿಲ್ಲ, ಮತ್ತು ಟ್ಯೂಷನ್‌ನ ಆದಾಯವನ್ನು ನಂಬಿ ಕಡಿಮೆ ಸಂಬಳಕ್ಕೆ ಒಪ್ಪಿಕೊಳ್ಳುವುದು ಸರಿಯಾದ ಲೆಕ್ಕವಲ್ಲ.

ನಿಮಗೆ ಇನ್ನೊಂದು ಬಾಗಿಲು ತೆರೆದಿದೆ. 2023ರ ಫೆಬ್ರವರಿಯಿಂದ ಇಂಗ್ಲೆಂಡಿನ ಶಿಕ್ಷಣ ಇಲಾಖೆ ಭಾರತದಲ್ಲಿ ತರಬೇತಿ ಪಡೆದ ಗಣಿತ, ವಿಜ್ಞಾನ ಮತ್ತು ಭಾಷಾ ಶಿಕ್ಷಕರಿಗೆ, ಅವರು 11ರಿಂದ 16 ವಯಸ್ಸಿನ ಮಕ್ಕಳಿಗೆ ಕಲಿಸಲು ಅರ್ಹರಾಗಿದ್ದರೆ, ಕ್ಯುಟಿಎಸ್ ಎಂಬ ಅಲ್ಲಿನ ಶಿಕ್ಷಕ ಅರ್ಹತೆಗೆ ನೇರವಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟಿದೆ. ಭೌತಶಾಸ್ತ್ರ ಇದರೊಳಗೆ ಬರುತ್ತದೆ. ಬ್ರಿಟಿಷ್ ಪಠ್ಯಕ್ರಮದ ಶಾಲೆಗಳು ಸಂಬಳದ ಶ್ರೇಣಿ ನಿರ್ಧರಿಸುವಾಗ ಈ ಅರ್ಹತೆಯನ್ನು ನೋಡುತ್ತವೆ. ಹಣ ಕೊಟ್ಟು ಅಂತರರಾಷ್ಟ್ರೀಯ ಪಿಜಿಸಿಇ ಎಂಬ ಸ್ನಾತಕೋತ್ತರ ಶಿಕ್ಷಕ ತರಬೇತಿ ಕೋರ್ಸು ಮಾಡಿದ ಮಾತ್ರಕ್ಕೆ ಕ್ಯುಟಿಎಸ್ ಸಿಗುವುದಿಲ್ಲ. ಜಾಹೀರಾತು ನೋಡಿ ಹಾಗೆಂದು ತಿಳಿದು ಹಣ ಕಟ್ಟಬೇಡಿ.

ಉತ್ತರ: ಧಾರವಾಡ, ಹಿಂದೆ ಅಬುಧಾಬಿಯಲ್ಲಿ ಶಿಕ್ಷಕ

ದಾಖಲೆಗಳ ಬಗ್ಗೆ ಮಾತ್ರ ಬರೆಯುತ್ತೇನೆ. ಸಂಯುಕ್ತ ಅರಬ್ ಸಂಸ್ಥಾನವು ಅಪೊಸ್ಟಿಲ್ (ಒಂದೇ ಮುದ್ರೆಯಿಂದ ದಾಖಲೆಯನ್ನು ಹಲವು ದೇಶಗಳು ಒಪ್ಪುವ) ಒಪ್ಪಂದದ ಪದ್ಧತಿಯನ್ನು ಅನುಸರಿಸದ ದೇಶವಾದ್ದರಿಂದ ಅಪೊಸ್ಟಿಲ್ ಮುದ್ರೆ ಸಾಕಾಗುವುದಿಲ್ಲ. ಪದವಿ ಪ್ರಮಾಣಪತ್ರಕ್ಕೆ ಮೊದಲು ರಾಜ್ಯ ಮಟ್ಟದ ದೃಢೀಕರಣ, ನಂತರ ವಿದೇಶಾಂಗ ಸಚಿವಾಲಯದ್ದು, ಆಮೇಲೆ ಅವರ ರಾಯಭಾರ ಕಚೇರಿಯದ್ದು, ಕೊನೆಗೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಸಚಿವಾಲಯದ್ದು, ಹೀಗೆ ಸರಣಿಯಾಗಿ ಆಗಬೇಕು. ಮದುವೆಯ ಮತ್ತು ಮಗಳ ಜನನ ಪ್ರಮಾಣಪತ್ರಗಳಿಗೆ ರಾಜ್ಯದ ಹಂತದಲ್ಲಿ ಗೃಹ ಇಲಾಖೆಯ ದೃಢೀಕರಣ ಬೇಕು. ತಾತ್ಕಾಲಿಕ ಪದವಿ ಪತ್ರ ನಡೆಯುವುದಿಲ್ಲ, ಘಟಿಕೋತ್ಸವದ ಮೂಲ ಪ್ರಮಾಣಪತ್ರವೇ ಬೇಕು. ಪದವಿಯನ್ನು ಕಾಲೇಜಿಗೆ ಹೋಗಿ ಓದಿದ್ದೆ ಎಂಬುದನ್ನು ವಿಶ್ವವಿದ್ಯಾನಿಲಯದಿಂದ ಬರೆಸಿಕೊಳ್ಳಲು ಹೇಳಬಹುದು, ಅದನ್ನೂ ಈಗಲೇ ಆರಂಭಿಸಿ. ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು ಪಾಸ್‌ಪೋರ್ಟ್ ಸೇವಾ ಕೇಂದ್ರದ ಮೂಲಕ ಪಡೆಯಬೇಕು.

ನಮ್ಮ ರಾಜ್ಯದವರಿಗೆ ಹೆಚ್ಚಾಗಿ ಎದುರಾಗುವುದು ಹೆಸರಿನ ತೊಡಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಮಾತ್ರ, ಪಾಸ್‌ಪೋರ್ಟಿನಲ್ಲಿ ಅದರ ವಿಸ್ತರಣೆ, ಪದವಿಯಲ್ಲಿ ಇನಿಷಿಯಲ್ ಹೆಸರಿನ ಕೊನೆಗೆ, ಹೀಗೆ ಮೂರು ಕಡೆ ಮೂರು ಬಗೆ ಇರುತ್ತದೆ. ಪಾಸ್‌ಪೋರ್ಟಿನಲ್ಲಿ ಉಪನಾಮದ ಜಾಗ ಖಾಲಿಯಿದ್ದು ಒಂದೇ ಪದದ ಹೆಸರಿದ್ದರೆ ಇನ್ನೂ ಕಷ್ಟ. 2022ರ ನವೆಂಬರಿನಲ್ಲಿ ಆ ದೇಶ ಅಂಥ ಪಾಸ್‌ಪೋರ್ಟುಗಳ ಮೇಲೆ ಪ್ರವೇಶದ ನಿರ್ಬಂಧವನ್ನೇ ತಂದಿತು. ನಿಮ್ಮದು, ನಿಮ್ಮ ಪತಿಯವರದು, ಮಗಳದು ಮೂರನ್ನೂ ಇಂದೇ ತೆಗೆದು ನೋಡಿ.

ನಿಮ್ಮ ಈಗಿನ ಶಾಲೆ ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡಿದ್ದರೆ (ಖಾಸಗಿ ಶಾಲೆಗಳಲ್ಲಿ ಈ ಪದ್ಧತಿ ಇನ್ನೂ ಇದೆ) ರಾಜೀನಾಮೆಯ ಮಾತು ಎತ್ತುವ ಮೊದಲೇ ದೃಢೀಕರಣಕ್ಕೆಂದು ಬರೆದುಕೊಟ್ಟು ಹಿಂದಕ್ಕೆ ಪಡೆಯಿರಿ.

ಪ್ರಶ್ನೆ ಕೇಳಿದವರು: ಭೌತಶಾಸ್ತ್ರ ಶಿಕ್ಷಕಿ, ಮೈಸೂರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಪತ್ರವನ್ನು ಮತ್ತೆ ಓದಿದೆ. ಮೂಲ ವೇತನ 4,200 ದಿರ್ಹಮ್, ಉಳಿದದ್ದು ಭತ್ಯೆಗಳು ಎಂದಿದೆ. ಎರಡು ವರ್ಷ ಮುಗಿಯುವ ಮೊದಲು ಬಿಟ್ಟರೆ ವೀಸಾ ಮತ್ತು ವಿಮಾನದ ವೆಚ್ಚವನ್ನು ಹಿಂದಿರುಗಿಸಬೇಕು ಎಂಬ ಷರತ್ತು ಇದೆ. ಮಗಳ ಶುಲ್ಕದಲ್ಲಿ "ಶಾಲೆಯ ನೀತಿಯಂತೆ ರಿಯಾಯಿತಿ" ಎಂದಷ್ಟೇ ಬರೆದಿದ್ದಾರೆ. ಇದನ್ನು ಹೇಗೆ ಎದುರಿಸಲಿ? ಜೊತೆಗೆ, ಎರಡು ಅಥವಾ ಮೂರು ವರ್ಷಗಳ ನಂತರ ಮೈಸೂರಿಗೇ ಮರಳುವ ಯೋಚನೆ ನಮ್ಮದು. ಮಗಳ ಓದಿಗೆ ಇದರಿಂದ ಪೆಟ್ಟು ಬೀಳುತ್ತದೆಯೇ ಎಂಬ ಆತಂಕ ನನಗೆ ಎಲ್ಲಕ್ಕಿಂತ ಹೆಚ್ಚಾಗಿದೆ.

ಉತ್ತರ: ಗಣಿತ ಶಿಕ್ಷಕ, ದುಬೈ

ಮೂಲ ವೇತನ ಅರ್ಧಕ್ಕಿಂತ ಕಡಿಮೆ ಇದೆ. ಅದನ್ನು ಹೆಚ್ಚಿಸಲು ಕೇಳಿ; ಒಟ್ಟು ಮೊತ್ತವನ್ನು ಮುಟ್ಟದೆ ಭತ್ಯೆಯಿಂದ ಮೂಲ ವೇತನಕ್ಕೆ ಸ್ವಲ್ಪ ಸರಿಸಿ ಎಂದು ಕೇಳಿದರೆ ಒಪ್ಪುವ ಶಾಲೆಗಳುಂಟು. ವೀಸಾ ವೆಚ್ಚ ಹಿಂದಿರುಗಿಸಬೇಕೆಂಬ ಷರತ್ತು ನಾನು ಮೇಲೆ ಹೇಳಿದ ಕಾನೂನಿಗೆ ವಿರುದ್ಧವಾಗಿದೆ. ಅದನ್ನು ತೆಗೆಯಲು ನಯವಾಗಿ ಬರೆಯಿರಿ. ಇನ್ನೊಂದು ಮುಖ್ಯ ವಿಷಯವೆಂದರೆ, ಶಾಲೆಯ ಪತ್ರವಲ್ಲದೆ ಇಲ್ಲಿನ ಮಾನವ ಸಂಪನ್ಮೂಲ ಸಚಿವಾಲಯದಲ್ಲಿ ನೋಂದಣಿಯಾಗುವ ಬೇರೆ ಒಪ್ಪಂದವೂ ಇರುತ್ತದೆ, ಎರಡರಲ್ಲಿಯೂ ಅಂಕಿಗಳು ಒಂದೇ ಆಗಿರಬೇಕು. ಮುಂದೆ ತಕರಾರು ಬಂದರೆ ಎಣಿಕೆಗೆ ಬರುವುದು ಸಚಿವಾಲಯದಲ್ಲಿರುವುದು. 50,000 ದಿರ್ಹಮ್‌ವರೆಗಿನ ವೇತನದ ತಕರಾರುಗಳನ್ನು 2024ರಿಂದ ಸಚಿವಾಲಯವೇ ತೀರ್ಮಾನಿಸುತ್ತದೆ.

ಶುಲ್ಕದ ರಿಯಾಯಿತಿ ಶೇಕಡಾ ಎಷ್ಟು, ಬೋಧನಾ ಶುಲ್ಕಕ್ಕೆ ಮಾತ್ರವೇ, ಪರೀಕ್ಷಾರ್ಥ ಅವಧಿಯಲ್ಲಿಯೂ ಸಿಗುತ್ತದೆಯೇ ಎಂಬುದನ್ನು ಅಂಕಿಯಲ್ಲಿ ಬರೆಸಿ. ಬ್ರಿಟಿಷ್ ಶಾಲೆಗಳ ಶುಲ್ಕ ಎಷ್ಟು ಹೆಚ್ಚೆಂದರೆ ರಿಯಾಯಿತಿಯ ಪ್ರಮಾಣ ನಿಮ್ಮ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು. ಆರೋಗ್ಯ ವಿಮೆ ನಿಮಗೆ ಶಾಲೆ ಕೊಡಲೇಬೇಕು. ಮಗಳದು ಮತ್ತು ಪತಿಯವರದು ಶಾಲೆ ಒಪ್ಪಿಕೊಂಡಿಲ್ಲದಿದ್ದರೆ ನಿಮ್ಮ ತಲೆಯ ಮೇಲೆ ಬರುತ್ತದೆ. ಕುಟುಂಬವನ್ನು ನಿಮ್ಮ ಪ್ರಾಯೋಜಕತ್ವದಲ್ಲಿ ಕರೆತರಲು ನಿಮ್ಮ ಸಂಬಳ ಸಾಕು: 4,000 ದಿರ್ಹಮ್, ಅಥವಾ ವಸತಿಯೊಂದಿಗೆ 3,000 ಇರಬೇಕೆಂಬುದು ನಿಯಮ.

ಮನೆ ಬಾಡಿಗೆಯನ್ನು ಇಲ್ಲಿ ತಿಂಗಳು ತಿಂಗಳು ಕೊಡುವ ರೂಢಿ ಕಡಿಮೆ. ವರ್ಷದ ಬಾಡಿಗೆಯನ್ನು ಕೆಲವೇ ಚೆಕ್‌ಗಳಲ್ಲಿ ಮುಂಚಿತವಾಗಿ ಕೊಡಬೇಕು, ಅದರ ಜೊತೆಗೆ ಭದ್ರತಾ ಠೇವಣಿ, ದಲ್ಲಾಳಿಯ ಶುಲ್ಕ, ನೀರು ಮತ್ತು ವಿದ್ಯುತ್ತಿಗೆ ಫ್ಲ್ಯಾಟ್ ಆದರೆ 2,000 ದಿರ್ಹಮ್ ಠೇವಣಿ. ಮೊದಲ ಸಂಬಳ ಬರುವ ಮೊದಲೇ ಇಷ್ಟು ಬೇಕು. ಶಾರ್ಜಾದಲ್ಲಿ ಬಾಡಿಗೆ ಕಡಿಮೆಯೆಂದು ಅಲ್ಲಿ ಮನೆ ಮಾಡಿದರೆ ಬೆಳಗಿನ ವಾಹನ ದಟ್ಟಣೆಯಲ್ಲಿ ಏಳೂವರೆಗೆಲ್ಲ ಶಾಲೆ ತಲಪುವುದು ಮೈಕೈ ಬಳಲಿಸುವ ಕೆಲಸ. ಮೊದಲ ವರ್ಷ ನೀವೊಬ್ಬರೇ ಶಾಲೆಯ ವಸತಿಯಲ್ಲಿದ್ದು, ಪರೀಕ್ಷಾರ್ಥ ಅವಧಿ ಕಳೆದ ಮೇಲೆ ಮುಂದಿನ ಆಗಸ್ಟಿಗೆ ಮನೆಯವರನ್ನು ಕರೆಸುವುದು ಸಾಧ್ಯವಾದರೆ ಅದನ್ನು ಯೋಚಿಸಿ. ಮಗುವನ್ನು ಬಿಟ್ಟಿರುವ ಕಷ್ಟ ಚಿಕ್ಕದೆಂದು ನಾನು ಹೇಳುತ್ತಿಲ್ಲ. ಅದನ್ನು ನೀವಿಬ್ಬರೂ ಕುಳಿತು ನಿರ್ಧರಿಸಬೇಕು.

ಉತ್ತರ: ಇಂಗ್ಲಿಷ್ ಶಿಕ್ಷಕಿ, ಬೆಂಗಳೂರು (ದುಬೈಯಿಂದ ಕುಟುಂಬ ಸಮೇತ ಮರಳಿದವರು)

ಮಗಳ ವಿಷಯಕ್ಕೆ ನಾನು ಉತ್ತರಿಸಬಲ್ಲೆ. ಬ್ರಿಟಿಷ್ ಶಾಲೆಯಲ್ಲಿ ಮಗುವನ್ನು ವಯಸ್ಸಿನ ಮೇಲೆ ತರಗತಿಗೆ ಸೇರಿಸುತ್ತಾರೆ. ನಾಲ್ಕು ಮುಗಿಸಿ ಹೋದವಳು ಹೆಚ್ಚಾಗಿ ಇಯರ್ 6ಕ್ಕೆ ಸೇರುತ್ತಾಳೆ. ವರ್ಷ ಕಳೆದುಹೋಯಿತೆಂದೋ ಹಾರಿಹೋಯಿತೆಂದೋ ಗಾಬರಿಯಾಗಬೇಡಿ, ಅಲ್ಲಿನ ಎಣಿಕೆಯೇ ಒಂದು ಮುಂದಿದೆ. ಅಲ್ಲಿ ಅರೇಬಿಕ್ ಎಲ್ಲರಿಗೂ ಕಡ್ಡಾಯ. ಮಕ್ಕಳು ಅದನ್ನು ಬೇಗ ಹಿಡಿಯುತ್ತಾರೆ, ಅದು ಹೊರೆಯಾಗುವುದಿಲ್ಲ.

ಗಣಿತದಲ್ಲಿ ಮತ್ತು ಕನ್ನಡದಲ್ಲಿ ಅಂತರ ಬೀಳುತ್ತದೆ. ಕೈಲೆಕ್ಕದ ವೇಗ ಅಲ್ಲಿ ಕುಗ್ಗುವುದನ್ನು ನಾನು ನನ್ನ ಮಕ್ಕಳಲ್ಲಿ ಕಂಡಿದ್ದೇನೆ, ಮನೆಯಲ್ಲಿ ದಿನಾ ಸ್ವಲ್ಪ ಮಾಡಿಸಿದರೆ ಅದು ಸರಿಹೋಗುತ್ತದೆ. ಕನ್ನಡ ಹಾಗಲ್ಲ. 2015ರ ಕನ್ನಡ ಭಾಷಾ ಕಲಿಕೆ ಅಧಿನಿಯಮದ ಪ್ರಕಾರ ಕರ್ನಾಟಕದ ಶಾಲೆಗಳಲ್ಲಿ, ಅವು ಯಾವ ಮಂಡಳಿಗೆ ಸೇರಿದ್ದರೂ, ಕನ್ನಡವನ್ನು ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿ ಕಲಿಸಬೇಕು. ಮಗಳು ಮರಳಿ ಏಳನೆಯ ತರಗತಿಗೆ ಸೇರುವಾಗ ಸಹಪಾಠಿಗಳು ಪ್ರಬಂಧ ಬರೆಯುತ್ತಿರುತ್ತಾರೆ, ಇವಳು ಒತ್ತಕ್ಷರಗಳಲ್ಲಿ ತಡವರಿಸುವಂತಾಗಬಾರದು. ದುಬೈಯಲ್ಲಿ ಕನ್ನಡಿಗರು ವಾರಾಂತ್ಯದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಪಾಠಶಾಲೆ ನಡೆಸುತ್ತಾರೆ. ಹೋದ ಮೊದಲ ತಿಂಗಳಲ್ಲೇ ವಿಚಾರಿಸಿ ಸೇರಿಸಿ. ಆಕೆ ಈಗ ಓದುತ್ತಿರುವ ಶಾಲೆಯಿಂದ ಮುಂದಿನ ಮೂರು ತರಗತಿಗಳ ಕನ್ನಡ ಪಠ್ಯಪುಸ್ತಕಗಳನ್ನು ತೆಗೆದುಕೊಂಡು ಹೋಗಿ.

ಹಣಕಾಸಿನಲ್ಲಿ ಎರಡು ವಿಷಯ. ಉದ್ಯೋಗಕ್ಕಾಗಿ ದೇಶ ಬಿಡುವವರು ಆ ಆರ್ಥಿಕ ವರ್ಷದಲ್ಲಿ ಭಾರತದಲ್ಲಿ 182 ದಿನಗಳಿಗಿಂತ ಕಡಿಮೆ ಇದ್ದರೆ ಅನಿವಾಸಿಗಳಾಗುತ್ತಾರೆ. ಏಪ್ರಿಲ್ 1ರಿಂದ ಆಗಸ್ಟ್ 15ರವರೆಗೆ 137 ದಿನಗಳಾಗುತ್ತವೆ, ಅಂದರೆ ಮಾರ್ಚ್ ಕೊನೆಯವರೆಗೆ ನಿಮಗೆ ಉಳಿಯುವುದು 44 ದಿನಗಳು ಮಾತ್ರ. ಡಿಸೆಂಬರ್ ಮತ್ತು ಮಾರ್ಚ್ ರಜೆಗಳಲ್ಲಿ ಊರಿಗೆ ಬರುವಾಗ ಈ ಲೆಕ್ಕ ಮೀರದಂತೆ ನೋಡಿಕೊಳ್ಳಿ, ಮೀರಿದರೆ ಅಲ್ಲಿನ ಸಂಬಳಕ್ಕೆ ಇಲ್ಲಿ ತೆರಿಗೆ ಬೀಳಬಹುದು. ಈಗಿರುವ ಉಳಿತಾಯ ಖಾತೆಯನ್ನು ಎನ್‌ಆರ್‌ಒ ಖಾತೆಯಾಗಿ (ಅನಿವಾಸಿಗಳು ಭಾರತದೊಳಗಿನ ಹಣಕ್ಕೆ ಇಟ್ಟುಕೊಳ್ಳುವ ಖಾತೆ) ಬದಲಾಯಿಸಿ, ಅಲ್ಲಿಂದ ಕಳುಹಿಸುವ ಹಣಕ್ಕೆ ಎನ್‌ಆರ್‌ಇ ಖಾತೆ ತೆರೆಯಿರಿ. ಭವಿಷ್ಯ ನಿಧಿಯ ಪಿಂಚಣಿಗೆ ಹತ್ತು ವರ್ಷಗಳ ಸೇವೆ ಬೇಕು. ಆ ನಿಧಿಯಲ್ಲಿ ನಿಮ್ಮ ಸೇವೆ ಅಷ್ಟು ತುಂಬಿದೆಯೇ ಎಂದು ನೋಡದೆ ಏನನ್ನೂ ತೆಗೆಯಬೇಡಿ.

ನಿಮ್ಮ ಈಗಿನ ಪ್ರಾಂಶುಪಾಲರಿಗೆ ಏಪ್ರಿಲ್‌ನಲ್ಲೇ ತಿಳಿಸಿ ಎಂದು ಕೇಳಿಕೊಳ್ಳುತ್ತೇನೆ. ಮೇ ಕೊನೆಗೆ ಇಲ್ಲಿ ಶಾಲೆ ಆರಂಭವಾಗುತ್ತದೆ, ನೀವು ಆಗಸ್ಟಿನಲ್ಲಿ ಹೊರಡುತ್ತೀರಿ. ಹತ್ತನೆಯ ತರಗತಿಯ ಮಕ್ಕಳ ಭೌತಶಾಸ್ತ್ರ ಮಧ್ಯದಲ್ಲಿ ನಿಲ್ಲುತ್ತದೆ. ಮುಂಚಿತವಾಗಿ ಹೇಳಿದರೆ ಅವರು ಜೂನ್‌ಗೇ ಬದಲಿ ಶಿಕ್ಷಕರನ್ನು ನೇಮಿಸಿಕೊಳ್ಳಬಹುದು, ನೀವು ಎರಡು ತಿಂಗಳು ಜೊತೆಗಿದ್ದು ಪಾಠ ಒಪ್ಪಿಸಿ ಹೋಗಬಹುದು. ಹೊರದೇಶದ ಶಾಲೆಗಳು ಗೋಪ್ಯ ಶಿಫಾರಸನ್ನು ನೇರವಾಗಿ ಈಗಿನ ಪ್ರಾಂಶುಪಾಲರಿಂದಲೇ ತರಿಸಿಕೊಳ್ಳುತ್ತವೆ, ಅದರಲ್ಲಿ ಮಕ್ಕಳೊಂದಿಗೆ ನಿಮ್ಮ ನಡವಳಿಕೆಯ ಬಗ್ಗೆ ಸ್ಪಷ್ಟವಾದ ಪ್ರಶ್ನೆಗಳಿರುತ್ತವೆ. ಆ ಇಮೇಲ್ ಅವರಿಗೆ ತಲಪುವ ಮೊದಲು ವಿಷಯ ನಿಮ್ಮ ಬಾಯಿಂದಲೇ ಅವರಿಗೆ ಗೊತ್ತಾಗಿರಲಿ.